ತಮ್ಮ ಹೆಸರಿನ ಊರನ್ನು ಅವರು ಕಂಡಿದ್ದರೇ?

ಪ್ರಶ್ನೆ: ಸರ್, ನಾನು ಬಂಗಾರಪೇಟೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರಿಗೆ ಮೊದಲು ಬೌರಿಂಗ್‌ಪೇಟೆ ಅಂತ ಹೆಸರಿತ್ತು ಎಂದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು "ಆ ಬೌರಿಂಗ್ ನಮ್ಮೂರಿಗೆ ಬಂದಿದ್ನಾ ಮಿಸ್?" ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಗೋಡೆಯ ಮೇಲಿನ ಪ್ರಪಂಚದ ನಕ್ಷೆ ನೋಡಿದರೆ ಅದರ ತುಂಬ ಮನುಷ್ಯರ ಹೆಸರೇ. ಇವರೆಲ್ಲ ಯಾರು? ತಮ್ಮ ಹೆಸರಿನ ಜಾಗವನ್ನು ಇವರು ನೋಡಿದ್ದರಾ? ಮಕ್ಕಳಿಗೆ ಹೇಳುವಂಥ ನಾಲ್ಕಾರು ಉದಾಹರಣೆ ಕೊಡಿ.

ಉತ್ತರ: ಮೇಡಂ, ಆ ಹುಡುಗಿಗೆ ಮೊದಲು ನನ್ನ ಕಡೆಯಿಂದ ಒಂದು ಶಹಭಾಸ್ ಹೇಳಿಬಿಡಿ. ನಾನು ಭೂಗೋಳ ಕಲಿಸಿದ ಅಷ್ಟೂ ವರ್ಷಗಳಲ್ಲಿ ರಾಜಧಾನಿ ಯಾವುದು, ನದಿ ಯಾವುದು ಎಂದು ನಾನೇ ಮಕ್ಕಳನ್ನು ಪೀಡಿಸಿದ್ದು. ಅವರಲ್ಲಿ ಒಬ್ಬರಾದರೂ ನನ್ನನ್ನು ಹೀಗೆ ಪೇಚಿಗೆ ಸಿಕ್ಕಿಸಲಿಲ್ಲ.

ಚುಟುಕಾಗಿ ಹೇಳುವುದಾದರೆ, ನೋಡದವರೇ ಜಾಸ್ತಿ. ನಕ್ಷೆಯಲ್ಲಿ ಯಾರದಾದರೂ ಹೆಸರು ಕಂಡರೆ ನಾನು ಆ ಮನುಷ್ಯನ ಬಗ್ಗೆ ಮೊದಲು ವಿಚಾರಿಸುವುದಿಲ್ಲ. ಆ ಹೆಸರಿಟ್ಟವನು ಯಾರು, ಅವನ ಮೇಲಧಿಕಾರಿ ಯಾರು ಎಂದು ಹುಡುಕುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಗುಟ್ಟು ಅಲ್ಲೇ ಬಯಲಾಗುತ್ತದೆ. ಬಿಸಿಲಲ್ಲಿ ನಡೆದವರ, ಹೊತ್ತವರ, ಅಗೆದವರ ಹೆಸರು ಸಿಕ್ಕರೆ ಅದು ಒಂದು ಕೊಲ್ಲಿಯ ಮೂಲೆಗೋ ಬಂಡೆಯ ಸಂದಿಗೋ ಅಂಟಿಕೊಂಡಿರುತ್ತದೆ. ನಮ್ಮ ಚಿತ್ರದುರ್ಗದ ಓಬವ್ವನ ಕಿಂಡಿಯ ಹಾಗೆ. ಕೋಟೆ ಪಾಳೆಯಗಾರರದು, ಕಿಂಡಿ ಮಾತ್ರ ಅಲ್ಲಿ ಒನಕೆ ಹಿಡಿದು ನಿಂತವಳದು.

ನಿಮ್ಮೂರಿನಿಂದಲೇ ಶುರು ಮಾಡೋಣ. ಲೆವಿನ್ ಬೆಂಥಮ್ ಬೌರಿಂಗ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿದವನು. ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದ ಕಾಲದಲ್ಲಿ, ಕಬ್ಬನ್ ಪಾರ್ಕಿನ ಆ ಮಾರ್ಕ್ ಕಬ್ಬನ್ ಹೋದ ಮೇಲೆ, 1862ರಿಂದ 1870ರವರೆಗೆ ಕಮಿಷನರ್ ಆಗಿದ್ದ. ಮದರಾಸಿನ ಕಡೆಯಿಂದ ಜೋಲಾರಪೇಟೆ ಹಾದು ಬರುವ ರೈಲುದಾರಿ ಬೆಂಗಳೂರು ದಂಡು ಮುಟ್ಟಿದ್ದು 1864ರಲ್ಲಿ, ಅಂದರೆ ಅವನ ಆಡಳಿತದಲ್ಲೇ. ಆ ದಾರಿಯಲ್ಲಿ ಬೆಳೆದ ಪೇಟೆಗೆ ಅವನ ಹೆಸರು ಬಂತು. ಮುಂದೆ ಕೋಲಾರದ ಚಿನ್ನದ ಗಣಿಗೆ ಅಲ್ಲಿಂದಲೇ ರೈಲು ಕವಲೊಡೆಯಿತು, ಬೌರಿಂಗ್ ಮರೆಯಾಗಿ ಬಂಗಾರ ಬಂತು. ಗಣಿ 2001ರಲ್ಲಿ ಮುಚ್ಚಿತು. ಈಗ ಬೆಂಗಳೂರಿನಲ್ಲಿ ಬಂಗಾರಪೇಟೆ ಎಂದರೆ ಜನರಿಗೆ ನೆನಪಾಗುವುದು ತಿಳಿನೀರಿನ ಪಾನಿಪುರಿ! ಎಂಟು ವರ್ಷ ಈ ಸೀಮೆಯಲ್ಲೇ ಕೂತು ಆಳಿದವನು ಎಂಬ ಮಟ್ಟಿಗೆ, ನಾನು ಮುಂದೆ ಹೇಳುವ ಬಹಳಷ್ಟು ಜನರಿಗಿಂತ ಬೌರಿಂಗನಿಗೆ ಆ ಹೆಸರಿನ ಮೇಲೆ ಹೆಚ್ಚು ಹಕ್ಕಿತ್ತು ಅನ್ನಬೇಕು.

ಏಕೆಂದರೆ ಸಿಡ್ನಿಯ ಕಥೆ ಕೇಳಿ. 1788ರ ಜನವರಿಯಲ್ಲಿ ಆರ್ಥರ್ ಫಿಲಿಪ್ ಎಂಬ ನೌಕಾಧಿಕಾರಿ ಹನ್ನೊಂದು ಹಡಗುಗಳಲ್ಲಿ ಕೈದಿಗಳನ್ನೂ ಸಿಪಾಯಿಗಳನ್ನೂ ತುಂಬಿಕೊಂಡು ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಬಂದ. ಹಡಗು ನಿಲ್ಲಿಸಲು ಒಳ್ಳೆಯ ಕೊಲ್ಲಿ ಸಿಕ್ಕಿತು. ಅಲ್ಲಿನ ಜನ ಅದನ್ನು ವಾರಾನೆ ಎನ್ನುತ್ತಿದ್ದರು. ಫಿಲಿಪ್ ಅದಕ್ಕೆ ತನ್ನನ್ನು ಕಳಿಸಿದ ಗೃಹಮಂತ್ರಿ ಥಾಮಸ್ ಟೌನ್‌ಶೆಂಡ್, ಅಂದರೆ ಲಾರ್ಡ್ ಸಿಡ್ನಿಯ ಹೆಸರಿಟ್ಟ. ಆ ಸಾಹೇಬ ಆಸ್ಟ್ರೇಲಿಯಾದತ್ತ ತಲೆ ಹಾಕಿಯೂ ಮಲಗಿದವನಲ್ಲ. ಅವನ ಬಗ್ಗೆ ಇಷ್ಟು ಸಾಕು.

ಅದೇ ಕೊಲ್ಲಿಯ ಪೂರ್ವದ ತುದಿಗೆ ಬೆನ್ನೆಲಾಂಗ್ ಪಾಯಿಂಟ್ ಎಂದು ಹೆಸರಿದೆ. ಬೆನ್ನೆಲಾಂಗ್ ಅಲ್ಲಿನ ವಾಂಗಲ್ ಕುಲದವನು. ಬಂದು ಎರಡು ವರ್ಷವಾಗುತ್ತ ಬಂದರೂ ಮೂಲನಿವಾಸಿಗಳು ಹತ್ತಿರ ಸುಳಿಯುತ್ತಿಲ್ಲ, ಅವರ ಭಾಷೆ ತಿಳಿಯುತ್ತಿಲ್ಲ ಎಂದು ಫಿಲಿಪ್ 1789ರ ನವೆಂಬರಿನಲ್ಲಿ ಇಬ್ಬರನ್ನು ಹಿಡಿದು ತರಿಸಿದ. ಒಬ್ಬ ಬೇಗನೆ ತಪ್ಪಿಸಿಕೊಂಡ. ಇನ್ನೊಬ್ಬ ಬೆನ್ನೆಲಾಂಗ್, ಕೆಲವು ತಿಂಗಳು ಇದ್ದು ಇಂಗ್ಲಿಷ್ ಕಲಿತು, ಗವರ್ನರನ ಮೇಜಿನಲ್ಲಿ ಉಂಡು, ಆಮೇಲೆ ಅವನೂ ಓಡಿಹೋದ. 1790ರಲ್ಲಿ ಸಮುದ್ರದಂಡೆಯಲ್ಲಿ ಅವನೂ ಫಿಲಿಪ್ಪನೂ ಮತ್ತೆ ಎದುರಾದಾಗ ಬೆನ್ನೆಲಾಂಗನ ಕಡೆಯವನೊಬ್ಬ ಫಿಲಿಪ್‌ನ ಭುಜಕ್ಕೆ ಈಟಿ ಹೊಡೆದ. ಹಿಡಿದೊಯ್ದದ್ದಕ್ಕೆ ಅವರ ಪದ್ಧತಿಯ ಪ್ರಕಾರ ತೀರಿಸಿಕೊಂಡ ಲೆಕ್ಕವದು ಎಂದು ಹಲವು ಇತಿಹಾಸಕಾರರು ಓದುತ್ತಾರೆ. ಫಿಲಿಪ್ ಸೇಡು ತೀರಿಸಿಕೊಳ್ಳಲು ಹೋಗಲಿಲ್ಲ. ಅಚ್ಚರಿಯೆಂದರೆ ಅಲ್ಲಿಂದ ಸ್ನೇಹ ಗಟ್ಟಿಯಾಯಿತು. ಬೆನ್ನೆಲಾಂಗ್ ಕೇಳಿಕೊಂಡ ಜಾಗದಲ್ಲಿ, ಆ ತುದಿಯಲ್ಲಿ, ಗವರ್ನರ್ ಅವನಿಗೆ ಇಟ್ಟಿಗೆಯ ಒಂದು ಪುಟ್ಟ ಮನೆ ಕಟ್ಟಿಸಿಕೊಟ್ಟ.

1792ರ ಕೊನೆಗೆ ಫಿಲಿಪ್ ಅವನನ್ನೂ ಯೆಮ್ಮೆರವಾನೆ ಎಂಬ ಹುಡುಗನನ್ನೂ ಇಂಗ್ಲೆಂಡಿಗೆ ಕರೆದೊಯ್ದ. ಹುಡುಗ ಅಲ್ಲೇ ತೀರಿಕೊಂಡ. ಬೆನ್ನೆಲಾಂಗ್ 1795ರಲ್ಲಿ ಊರಿಗೆ ಮರಳಿದ. ಮರುವರ್ಷ ಅವನು ಹೇಳಿ ಬರೆಸಿದ ಒಂದು ಕಾಗದ ಉಳಿದಿದೆ. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬ ಇಂಗ್ಲಿಷಿನಲ್ಲಿ ಬರೆಸಿದ, ನಮಗೆ ತಿಳಿದ ಮೊದಲ ಕಾಗದವದು. ಅವನು 1813ರಲ್ಲಿ ಸತ್ತ. ಇಟ್ಟಿಗೆ ಮನೆ ಅದಕ್ಕೂ ಮೊದಲೇ ಹೋಗಿತ್ತು. ಆ ಜಾಗದಲ್ಲಿ ಕೋಟೆ ಬಂತು, ಆಮೇಲೆ ಟ್ರಾಂ ಗಾಡಿಗಳ ಡಿಪೋ ಬಂತು. ಈಗ ಅಲ್ಲಿ ನಿಂತಿರುವುದು ಸಿಡ್ನಿಯ ಫೋಟೋ ಎಂದರೆ ಮೊದಲು ಕಾಣುವ ಆ ಬಿಳಿ ಹಾಯಿಗಳ ಆಪೆರಾ ಹೌಸ್. ಅದಕ್ಕೂ ನಿಮ್ಮ ಹುಡುಗಿಯ ಪ್ರಶ್ನೆಯನ್ನೇ ಹಾಕಿ ನೋಡಿ. ಅದರ ವಿನ್ಯಾಸ ಮಾಡಿದ ಡೆನ್ಮಾರ್ಕಿನ ಯಾರ್ನ್ ಉಟ್ಜನ್ ಸರ್ಕಾರದೊಡನೆ ಜಗಳವಾಗಿ 1966ರಲ್ಲಿ ಅರ್ಧಕ್ಕೇ ಬಿಟ್ಟುಹೋದ. ಕಟ್ಟಡ ಉದ್ಘಾಟನೆಯಾದದ್ದು 1973ರಲ್ಲಿ. ಉಟ್ಜನ್ 2008ರವರೆಗೆ ಬದುಕಿದ್ದ, ಆದರೂ ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲು ಒಮ್ಮೆಯೂ ಹೋಗಲಿಲ್ಲ.

ಎವರೆಸ್ಟ್ ನಿಮ್ಮ ಪಠ್ಯಪುಸ್ತಕದಲ್ಲೇ ಇರುವುದರಿಂದ ಬೇಗ ಮುಗಿಸುತ್ತೇನೆ. ಆದರೆ ಅದರ ಬೇರು ನಮ್ಮ ನೆಲದಲ್ಲಿದೆ ಎನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಯೋಜನೆ ಹಾಕಿ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಎಳೆಸಿ ಆಧಾರರೇಖೆ ಹಾಕಿದ. ಎರಡು ವರ್ಷದ ನಂತರ ಮದರಾಸಿನಲ್ಲಿ ಅದೇ ಕೆಲಸ ದೊಡ್ಡದಾಗಿ ಶುರುವಾಯಿತು. ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ತ್ರಿಕೋನದ ಮೇಲೆ ತ್ರಿಕೋನ ಪೋಣಿಸಿದ ಮಹಾ ಸರ್ವೆ ಅದೇ. ಲ್ಯಾಂಬ್ಟನ್ 1823ರಲ್ಲಿ ಸರ್ವೆಯ ದಾರಿಯಲ್ಲೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ಸತ್ತ. ಅವನ ಹೆಸರಿನ ಶಿಖರ ಯಾರಿಗೆ ಗೊತ್ತು?

ಅವನ ನಂತರ ಬಂದವನು ಜಾರ್ಜ್ ಎವರೆಸ್ಟ್. ಹೆಸರಿನ ಉಚ್ಚಾರ 'ಈವ್‌ರೆಸ್ಟ್', ಜಗತ್ತೆಲ್ಲ ತಪ್ಪಾಗಿಯೇ ಹೇಳುತ್ತಿದೆ. ಅವನು 1843ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ. 'ಹದಿನೈದನೇ ಶಿಖರ' ಎಂದು ಗುರುತು ಹಾಕಿದ ಬೆಟ್ಟವನ್ನು 150 ಕಿಲೋಮೀಟರಿಗೂ ದೂರದ ಬಯಲಿನಿಂದ ದೂರದರ್ಶಕದಲ್ಲಿ ನೋಡಿ ಕೋನ ಅಳೆದದ್ದು 1849-50ರಲ್ಲಿ. ಆ ಅಂಕಿಗಳ ಲೆಕ್ಕ ಬಿಡಿಸಿದ ಕಚೇರಿಯ ಮುಖ್ಯ ಗಣಕ ಬಂಗಾಳದ ರಾಧಾನಾಥ ಸಿಕ್ದಾರ್. ಕಂಪ್ಯೂಟರ್ ಎಂಬುದು ಆಗ ಯಂತ್ರದ ಹೆಸರಲ್ಲ, ಮನುಷ್ಯರ ಹುದ್ದೆ. ಇದೇ ಜಗತ್ತಿನ ಅತಿ ಎತ್ತರದ ಶಿಖರ ಎಂದು ಗೊತ್ತಾದ ಮೇಲೆ, 1856ರಲ್ಲಿ, ಆಗಿನ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ತನ್ನ ಹಳೆಯ ಮೇಲಧಿಕಾರಿಯ ಹೆಸರು ಸೂಚಿಸಿದ. ನನ್ನ ಸೂತ್ರ ನೆನಪಿದೆಯಲ್ಲ? ಎವರೆಸ್ಟ್ ತಾನೇ ಬೇಡವೆಂದ, ಈ ದೇಶದವರ ನಾಲಿಗೆಗೆ ತನ್ನ ಹೆಸರು ಹೊರಳುವುದಿಲ್ಲ ಎಂದು ವಾದಿಸಿದ. ಯಾರೂ ಕೇಳಲಿಲ್ಲ. ಟಿಬೆಟಿನವರಿಗೆ ಅದು ಅವತ್ತಿಗೂ ಚೊಮೊಲುಂಗ್ಮಾ ಆಗಿತ್ತು, ಇವತ್ತಿಗೂ ಹೌದು.

ಈಗ ನನಗೆ ಬಹಳ ಇಷ್ಟವಾದ ಹೆಸರಿಗೆ ಬರುತ್ತೇನೆ. ಇಲ್ಲಿ ಸೂತ್ರ ತಪ್ಪುತ್ತದೆ, ಅದಕ್ಕೇ ಇಷ್ಟ. ದಕ್ಷಿಣ ಪೆಸಿಫಿಕ್ ಸಾಗರದ ನಡುವೆ ಪಿಟ್‌ಕೇರ್ನ್ ಎಂಬ ದ್ವೀಪವಿದೆ. ಹೆಚ್ಚೆಂದರೆ ಐದು ಚದರ ಕಿಲೋಮೀಟರ್, ನಮ್ಮ ಒಂದು ದೊಡ್ಡ ಕೆರೆಯ ಅಂಗಳದಷ್ಟು. 1767ರ ಜುಲೈಯಲ್ಲಿ ಬ್ರಿಟಿಷ್ ಹಡಗೊಂದರ ಮೇಲೆ ನಿಂತು ಅದನ್ನು ಮೊದಲು ಕಂಡವನು ರಾಬರ್ಟ್ ಪಿಟ್‌ಕೇರ್ನ್, ಹದಿನೈದು ವರ್ಷದ ಹುಡುಗ, ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳ ಓರಗೆಯವನು. ಕ್ಯಾಪ್ಟನ್ ಫಿಲಿಪ್ ಕಾರ್ಟರೆಟ್ ನೇರವಾಗಿ ಆ ಹುಡುಗನ ಹೆಸರನ್ನೇ ಇಟ್ಟುಬಿಟ್ಟ. ಅಲೆಗಳ ಅಬ್ಬರಕ್ಕೆ ದಡ ಹತ್ತಲು ಆಗಲಿಲ್ಲ. ರಾಬರ್ಟ್ ದ್ವೀಪವನ್ನು ನೋಡಿದ, ಆದರೆ ಕಾಲಿಡಲಿಲ್ಲ. ಊರಿಗೆ ಮರಳಿ ಅರೋರಾ ಎಂಬ ಇನ್ನೊಂದು ಹಡಗು ಹತ್ತಿದ. ಆ ಹಡಗು ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಅಧಿಕಾರಿಗಳನ್ನು ಹೊತ್ತು ನಮ್ಮ ದೇಶಕ್ಕೇ ಬರುತ್ತಿತ್ತು. 1769ರ ಕೊನೆಗೆ ಆಫ್ರಿಕಾದ ಗುಡ್‌ಹೋಪ್ ಭೂಶಿರ ಬಿಟ್ಟದ್ದು ಗೊತ್ತು. ಆಮೇಲೆ ಅದನ್ನು ಕಂಡವರಿಲ್ಲ.

ಕಾರ್ಟರೆಟ್ ಒಂದು ತಪ್ಪು ಮಾಡಿದ್ದ. ರೇಖಾಂಶ ಸರಿಯಾಗಿ ತಿಳಿಯುವ ಗಡಿಯಾರ ಅವನ ಹಡಗಿನಲ್ಲಿರಲಿಲ್ಲ. ದ್ವೀಪವನ್ನು ಇರುವ ಜಾಗಕ್ಕಿಂತ ಸುಮಾರು ಮೂರು ಡಿಗ್ರಿ, ಅಂದರೆ 300 ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಗುರುತು ಹಾಕಿದ. ಇಪ್ಪತ್ತೆರಡು ವರ್ಷದ ಮೇಲೆ ಈ ತಪ್ಪು ಕೆಲವರ ಜೀವ ಉಳಿಸಿತು. 1789ರಲ್ಲಿ ಬೌಂಟಿ ಎಂಬ ಹಡಗು ತಾಹಿತಿಯಿಂದ ದೀವಿಹಲಸಿನ ಸಸಿಗಳನ್ನು ತುಂಬಿಕೊಂಡು ವೆಸ್ಟ್ ಇಂಡೀಸಿಗೆ ಹೊರಟಿತ್ತು. ಮಂಗಳೂರಿನವರ ಜೀಗುಜ್ಜೆಯೇ ಅದು. ಅಲ್ಲಿನ ತೋಟಗಳ ಗುಲಾಮರಿಗೆ ಅಗ್ಗದ ಊಟವಾಗಲಿ ಎಂಬ ಲೆಕ್ಕಾಚಾರ. ದಾರಿಯಲ್ಲಿ ಫ್ಲೆಚರ್ ಕ್ರಿಶ್ಚಿಯನ್ ಎಂಬವನ ಮುಂದಾಳತ್ವದಲ್ಲಿ ನಾವಿಕರು ದಂಗೆ ಎದ್ದು ಕ್ಯಾಪ್ಟನ್ ವಿಲಿಯಂ ಬ್ಲೈಯನ್ನೂ ಅವನ ಕಡೆಯ ಹದಿನೆಂಟು ಜನರನ್ನೂ ದೋಣಿಗೆ ಇಳಿಸಿ ಸಮುದ್ರದಲ್ಲಿ ಬಿಟ್ಟರು. ಬ್ಲೈ ಆ ತೆರೆದ ದೋಣಿಯಲ್ಲೇ ತಿಮೋರ್ ತಲುಪಿದ. ಮುಂದೆ ಅವನೇ ಸಿಡ್ನಿಗೆ ಗವರ್ನರ್ ಆಗಿ ಹೋದ, ಅಲ್ಲೂ 1808ರಲ್ಲಿ ಸೈನಿಕರು ದಂಗೆ ಎದ್ದು ಅವನನ್ನು ಕೆಳಗಿಳಿಸಿದರು. ಕೆಲವರ ಹಣೆಬರಹ!

ದಂಗೆಕೋರರಿಗೆ ಬ್ರಿಟಿಷ್ ನೌಕಾಪಡೆ ಹುಡುಕಲಾರದ ಜಾಗ ಬೇಕಿತ್ತು. ನಕ್ಷೆಯಲ್ಲಿ ತಪ್ಪಾಗಿ ಬಿದ್ದ ದ್ವೀಪಕ್ಕಿಂತ ಒಳ್ಳೆಯದು ಎಲ್ಲಿ ಸಿಕ್ಕೀತು? ತಾಹಿತಿ ಕಡೆಯ ಆರು ಗಂಡಸರು, ಹತ್ತಕ್ಕೂ ಹೆಚ್ಚು ಹೆಂಗಸರು, ಒಂದು ಹೆಣ್ಣುಕೂಸು, ಇವರನ್ನು ಕರೆದುಕೊಂಡು, ಕೆಲವರನ್ನು ಹೊತ್ತುಕೊಂಡು ಎಂದರೇ ಸರಿ, ಒಂಬತ್ತು ಜನ ದಂಗೆಕೋರರು 1790ರ ಜನವರಿಯಲ್ಲಿ ಅಲ್ಲಿ ಇಳಿದು ಹಡಗನ್ನು ಸುಟ್ಟರು. ಹೆಣ್ಣಿಗಾಗಿ, ನೆಲಕ್ಕಾಗಿ ಒಬ್ಬರನ್ನೊಬ್ಬರು ಕೊಂದುಕೊಂಡರು. ತಾಹಿತಿಯ ಗಂಡಸರಲ್ಲಿ ಒಬ್ಬನೂ ಉಳಿಯಲಿಲ್ಲ. 1808ರಲ್ಲಿ ಅಮೆರಿಕದ ಹಡಗೊಂದು ಆಕಸ್ಮಿಕವಾಗಿ ಅಲ್ಲಿಗೆ ಬಂದಾಗ ದಂಗೆಕೋರರಲ್ಲಿ ಉಳಿದಿದ್ದವನು ಜಾನ್ ಆಡಮ್ಸ್ ಒಬ್ಬನೇ, ಸುತ್ತ ಹೆಂಗಸರು ಮತ್ತು ಮಕ್ಕಳ ಹಿಂಡು. ದ್ವೀಪದ ಏಕೈಕ ಊರು ಇವತ್ತು ಆಡಮ್ಸ್‌ಟೌನ್. ಆ ಊರನ್ನು ನಿಜವಾಗಿ ಸಾಕಿದವರು ಮೌಆತುವಾ, ತೆರೌರಾ ಮುಂತಾದ ಹೆಂಗಸರು. ಅವರ ಹೆಸರಿನ ಊರು ನಕ್ಷೆಯಲ್ಲಿಲ್ಲ.

ಈಗ ಅಲ್ಲಿರುವುದು ಐವತ್ತರೊಳಗಿನ ಜನ. ಅವರು ಬಂಡೆ, ಇಳಿಜಾರುಗಳಿಗೆ ಇಟ್ಟುಕೊಂಡ ಹೆಸರುಗಳನ್ನು ಮಕ್ಕಳಿಗೆ ಓದಿ ಹೇಳಿ, ಕ್ಲಾಸು ನಗುತ್ತದೆ. ಒಂದು ಜಾಗದ ಹೆಸರು 'ಡ್ಯಾನ್ ಬಿದ್ದಲ್ಲಿ'. ಇನ್ನೊಂದು 'ಸೊಂಟ ಮುರಿ'. ಮತ್ತೊಂದರ ಹೆಸರು ಬರೀ 'ಅಯ್ಯೋ'. ಆ ಡ್ಯಾನ್ ತನ್ನ ಹೆಸರಿನ ಜಾಗ ನೋಡಿದ್ದನೇ ಎಂದು ಯಾರೂ ಕೇಳಬೇಕಾಗಿಲ್ಲ.

ಇದೇ ರೀತಿಯ ಒಂಟಿ ದ್ವೀಪ ದಕ್ಷಿಣ ಅಟ್ಲಾಂಟಿಕ್‌ನಲ್ಲೂ ಇದೆ, ಟ್ರಿಸ್ಟನ್ ಡ ಕೂನಾ. ಜನವಸತಿಯ ಪಕ್ಕದೂರು ಸೇಂಟ್ ಹೆಲೆನಾ, ಸುಮಾರು 2,400 ಕಿಲೋಮೀಟರ್ ದೂರ. ಹೆಸರಿನ ಒಡೆಯ ಪೋರ್ಚುಗೀಸರ ಟ್ರಿಸ್ಟಾವ್ ಡ ಕೂನಾ 1506ರಲ್ಲಿ ಅದನ್ನು ಕಂಡು, ಕಡಲು ಬಿರುಸಾಗಿದ್ದರಿಂದ ಇಳಿಯಲಾರದೆ, ತನ್ನ ಹೆಸರನ್ನೇ ಇಟ್ಟು ಮುಂದೆ ಹೊರಟ. ಎಲ್ಲಿಗೆ ಎನ್ನುತ್ತೀರಿ? ನಮ್ಮ ಕಡೆಗೇ. ಭಾರತದ ಮೊದಲ ಪೋರ್ಚುಗೀಸ್ ವೈಸ್‌ರಾಯ್ ಆಗಬೇಕಿದ್ದವನು ಅವನು. ಸ್ವಲ್ಪ ಕಾಲ ಕಣ್ಣು ಕಾಣದೆ ಹೋಗಿ ಆ ಹುದ್ದೆ ತಪ್ಪಿತ್ತು. ಮರುವರ್ಷ ಅವನ ಹಡಗುಗಳು ಕಣ್ಣೂರಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಪೋರ್ಚುಗೀಸರನ್ನು ಬಿಡಿಸಿದವು. ಅದೇ ದಂಡಿನಲ್ಲಿ ಹೊರಟಿದ್ದ ಇನ್ನೊಬ್ಬ ಅಫಾನ್ಸೊ ಡ ಅಲ್ಬುಕರ್ಕ್. 1510ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವೆ ಹಿಡಿದವನು ಅವನೇ. ಡ ಕೂನಾ 1514ರಲ್ಲಿ ಪೋರ್ಚುಗಲ್ ರಾಜನ ಪರವಾಗಿ ರೋಮಿಗೆ ಹೋಗಿ ಪೋಪನಿಗೆ ಕೊಟ್ಟ ಉಡುಗೊರೆಗಳಲ್ಲಿ ಭಾರತದಿಂದ ಹೋದ ಒಂದು ಆನೆಯೂ ಇತ್ತು, ಹೆಸರು ಹ್ಯಾನೊ. ಎರಡೇ ವರ್ಷಕ್ಕೆ ಆನೆಗೆ ಹೊಟ್ಟೆ ಕಟ್ಟಿ, ವೈದ್ಯರು ಚಿನ್ನ ಬೆರೆಸಿದ ಭೇದಿಮದ್ದು ಕುಡಿಸಿ, ಅದು ಸತ್ತುಹೋಯಿತು.

ದ್ವೀಪದಲ್ಲಿ ಊರು ಕಟ್ಟಿದವನು ವಿಲಿಯಂ ಗ್ಲಾಸ್ ಎಂಬ ಸ್ಕಾಟ್‌ಲೆಂಡಿನ ಕಾರ್ಪೊರಲ್. ಸೇಂಟ್ ಹೆಲೆನಾದಲ್ಲಿ ಸೆರೆಯಿದ್ದ ನೆಪೋಲಿಯನ್‌ನನ್ನು ಯಾರಾದರೂ ಈ ದಾರಿಯಲ್ಲಿ ಬಿಡಿಸಿಯಾರೆಂದು 1816ರಲ್ಲಿ ಬ್ರಿಟಿಷರು ಇಲ್ಲೊಂದು ಕಾವಲು ಪಡೆ ಹಾಕಿದರು. ಪಡೆ ವಾಪಸಾದಾಗ ಗ್ಲಾಸ್ ಹೆಂಡತಿ ಮಕ್ಕಳೊಡನೆ ಉಳಿದ. ಹಡಗು ಒಡೆದು ಬಂದ ಡಚ್ಚನೊಬ್ಬ, ಇಟಲಿಯ ಇಬ್ಬರು, ಹೀಗೆ ಕೂಡಿಕೊಂಡರು. ಅದಕ್ಕೇ ಅಲ್ಲಿನ ಇನ್ನೂರೈವತ್ತರೊಳಗಿನ ಜನಕ್ಕೆಲ್ಲ ಬೆರಳೆಣಿಕೆಯ ಮನೆತನದ ಹೆಸರುಗಳು. 1961ರಲ್ಲಿ ಜ್ವಾಲಾಮುಖಿ ಬಾಯಿಬಿಟ್ಟಾಗ ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಕರೆಂಟು, ಟೀವಿ, ಬಸ್ಸು ಎಲ್ಲ ಇದ್ದ ಆ ದೇಶದಲ್ಲಿ ಎರಡು ವರ್ಷ ಇದ್ದು, ಬಹುಪಾಲು ಜನ 1963ರಲ್ಲಿ ತಮ್ಮ ಆಲೂಗೆಡ್ಡೆ ಹೊಲಗಳಿಗೇ ವಾಪಸು ಹೋದರು.

ಹಣವಂತರ ಪೈಕಿ ಒಬ್ಬರನ್ನಾದರೂ ಹೇಳಬೇಕಲ್ಲ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ, ತಪಜೋಸ್ ನದಿಯ ದಂಡೆಯಲ್ಲಿ ಫೋರ್ಡ್‌ಲಾಂಡಿಯಾ ಎಂಬ ಅರೆಪಾಳು ಊರಿದೆ. ಕಾರಿನ ಟೈರಿಗೆ ಬೇಕಾದ ರಬ್ಬರಿಗೆ ಏಷ್ಯಾದ ಬ್ರಿಟಿಷ್ ತೋಟಗಳ ಮುಂದೆ ಕೈಚಾಚುವುದೇಕೆ ಎಂದು ಹೆನ್ರಿ ಫೋರ್ಡ್ 1927ರಲ್ಲಿ ಅಲ್ಲಿ ಸುಮಾರು 10,000 ಚದರ ಕಿಲೋಮೀಟರ್ ಕಾಡು ಹಿಡಿದ. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯಷ್ಟು! ಅಮೆರಿಕದ ಮಾದರಿಯ ಮನೆಗಳು, ಆಸ್ಪತ್ರೆ, ಎತ್ತರದ ನೀರಿನ ಟ್ಯಾಂಕು, ಗಾಲ್ಫ್ ಮೈದಾನ ಎಲ್ಲ ಎದ್ದವು. ಮದ್ಯ ನಿಷೇಧ. ಊಟಕ್ಕೂ ಫೋರ್ಡ್ ಸಾಹೇಬರ ಪಥ್ಯ, ಓಟ್ಸ್ ಗಂಜಿ, ಪಾಲಿಶ್ ಮಾಡದ ಅಕ್ಕಿ, ಡಬ್ಬಿಯ ಹಣ್ಣು. ಅದನ್ನೂ ಸಾಲಿನಲ್ಲಿ ನಿಂತು ತಾವೇ ಬಡಿಸಿಕೊಳ್ಳಬೇಕೆಂದು 1930ರ ಡಿಸೆಂಬರಿನಲ್ಲಿ ಹೊಸ ನಿಯಮ ಬಂದಾಗ ಕೂಲಿಗಳು ತಿರುಗಿಬಿದ್ದು ಊಟದ ಮನೆಯನ್ನೇ ಪುಡಿಮಾಡಿದರು, ಮೇಲಿನವರು ದೋಣಿ ಹತ್ತಿ ನದಿಗೆ ಓಡಿದರು.

ದಂಗೆ ಅಡಗಿತು, ರೋಗ ಅಡಗಲಿಲ್ಲ. ರಬ್ಬರ್ ಮರದ ತವರು ಅಮೆಜಾನ್. ಅಲ್ಲಿನ ಕಾಡಿನಲ್ಲಿ ಎಕರೆಗೆ ಒಂದೋ ಎರಡೋ ಮರ, ಚದುರಿ ನಿಂತಿರುತ್ತವೆ, ಏಕೆಂದರೆ ಅವುಗಳ ಎಲೆ ತಿನ್ನುವ ಶಿಲೀಂಧ್ರವೂ ಅದೇ ಕಾಡಿನದು. ಸಾಲು ಹಿಡಿದು ಒತ್ತೊತ್ತಾಗಿ ನೆಟ್ಟರೆ ಒಂದು ಮರದಿಂದ ಇನ್ನೊಂದಕ್ಕೆ ರೋಗ ಹಾರುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಸುಳ್ಯ, ಪುತ್ತೂರು, ಬೆಳ್ತಂಗಡಿಯಲ್ಲಿ ರಬ್ಬರ್ ಸಾಲುಸಾಲಾಗಿ ಹೇಗೆ ಬೆಳೆಯುತ್ತದೆ? 1876ರಲ್ಲಿ ಹೆನ್ರಿ ವಿಕ್ಹಮ್ ಎಂಬ ಇಂಗ್ಲಿಷಿನವನು ಇದೇ ತಪಜೋಸ್ ಕಡೆಯಿಂದ ಸುಮಾರು 70,000 ರಬ್ಬರ್ ಬೀಜ ಲಂಡನ್ನಿಗೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಸಿಲೋನು, ಮಲಯಗಳಿಗೆ ಬಂದವು, ನಮ್ಮ ದಕ್ಷಿಣ ಭಾರತಕ್ಕೂ ಹರಡಿದವು. ಶಿಲೀಂಧ್ರ ಮಾತ್ರ ಸಮುದ್ರ ದಾಟಲಿಲ್ಲ. ಏಷ್ಯಾದ ರಬ್ಬರ್ ಉದ್ಯಮವೆಲ್ಲ ಆ ಒಂದು ಅದೃಷ್ಟದ ಮೇಲೆ ನಿಂತಿದೆ. ಫೋರ್ಡ್ ಕಂಪನಿ 1945ರಲ್ಲಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಎರಡೂವರೆ ಲಕ್ಷ ಡಾಲರಿಗೆ ಬಿಟ್ಟುಕೊಟ್ಟಿತು. ಹೆನ್ರಿ ಫೋರ್ಡ್ ತನ್ನ ಹೆಸರಿನ ಊರಿಗೆ ಒಂದು ಸಲವೂ ಹೋಗಿರಲಿಲ್ಲ.

ನಮ್ಮ ಜಮ್ಷೆಡ್‌ಪುರಕ್ಕೂ ಜಮ್ಷೆಟ್‌ಜಿ ಟಾಟಾ ಅವರು ಹೋಗಿರಲಿಲ್ಲ, ಆದರೆ ಅದು ಬೇರೆ ಮಾತು. ಅವರು 1904ರಲ್ಲೇ ಜರ್ಮನಿಯಲ್ಲಿ ತೀರಿಕೊಂಡರು. ಉಕ್ಕಿನ ಕಾರ್ಖಾನೆಗೆ ಸಾಕ್ಚಿ ಎಂಬ ಹಳ್ಳಿ ಸಿಕ್ಕಿದ್ದು ಆಮೇಲೆ, ಹೆಸರು ಬದಲಾದದ್ದು 1919ರಲ್ಲಿ. ಬೆಂಗಳೂರಿನ ವಿಜ್ಞಾನ ಮಂದಿರವೂ ಅವರ ಸಾವಿನ ನಂತರವೇ ಎದ್ದದ್ದು, ಹಳೆಯ ಬೆಂಗಳೂರಿನವರು ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಇಲ್ಲಿ ಹೆಸರಿನ ಹಿಂದೆ ಕನಸಾದರೂ ಆ ಮನುಷ್ಯರದೇ ಇತ್ತು.

ಕಲಿನಿನ್‌ಗ್ರಾಡಿನಲ್ಲಿ ಅದೂ ಇಲ್ಲ. ಬಾಲ್ಟಿಕ್ ಸಮುದ್ರದ ದಂಡೆಯ ಆ ಊರು ಎರಡನೇ ಮಹಾಯುದ್ಧದವರೆಗೆ ಜರ್ಮನಿಯ ಕ್ಯೋನಿಗ್ಸ್‌ಬರ್ಗ್. ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1724ರಲ್ಲಿ ಅಲ್ಲಿ ಹುಟ್ಟಿ, ಜೀವಮಾನವೆಲ್ಲ ಆ ಸೀಮೆಯಲ್ಲೇ ಕಳೆದು, 1804ರಲ್ಲಿ ಅಲ್ಲೇ ಸತ್ತ. ರಷ್ಯಾ ಊರನ್ನು ಗೆದ್ದ ಮೇಲೆ 1946ರಲ್ಲಿ, ಆಗಷ್ಟೇ ಸತ್ತಿದ್ದ ಸೋವಿಯತ್ ನಾಯಕ ಮಿಖಾಯಿಲ್ ಕಲಿನಿನ್ ಹೆಸರನ್ನು ಅದಕ್ಕೆ ಅಂಟಿಸಿದರು. ಊರಿಗೂ ಅವನಿಗೂ ನಂಟಿರಲಿಲ್ಲ. ಸೋವಿಯತ್ ಒಕ್ಕೂಟಕ್ಕೆ ಹೆಸರಿನ ಮಟ್ಟಿಗೆ ಮುಖ್ಯಸ್ಥನಾಗಿದ್ದವನು ಅವನು. ಅಂಥವನ ಹೆಂಡತಿಯನ್ನೇ ಸ್ಟಾಲಿನ್ನನ ಪೊಲೀಸರು 1938ರಲ್ಲಿ ಹಿಡಿದು ಶಿಬಿರಕ್ಕೆ ಹಾಕಿದರು. ಅವನು ಸಾಯಲು ಸ್ವಲ್ಪ ಮೊದಲಷ್ಟೇ ಆಕೆಗೆ ಬಿಡುಗಡೆ. ಕಾಂಟನ ಗೋರಿ ಮಾತ್ರ ಊರ ನಡುವಿನ ಚರ್ಚಿನ ಗೋಡೆಗೆ ಒರಗಿ ಇಂದಿಗೂ ಇದೆ.

ಕೊನೆಗೆ ಆಫ್ರಿಕಾ. ಜಾಂಬಿಯಾದಲ್ಲಿ ಲಿವಿಂಗ್‌ಸ್ಟನ್ ಎಂಬ ಊರಿದೆ, ಸ್ವಾತಂತ್ರ್ಯ ಬಂದ ಮೇಲೂ ಅವರು ಆ ಹೆಸರು ಬದಲಿಸಲಿಲ್ಲ. ಡೇವಿಡ್ ಲಿವಿಂಗ್‌ಸ್ಟನ್ ಎಂಬ ಸ್ಕಾಟ್‌ಲೆಂಡಿನ ಮಿಷನರಿ ಆ ಸೀಮೆಯಲ್ಲಿ ನಡೆದಾಡಿದವನು, ಅಲ್ಲಿನ ಮೋಸಿ-ಓವಾ-ತುನ್ಯಾ ಜಲಪಾತಕ್ಕೆ ಎಂದೂ ಅದನ್ನು ನೋಡದ ವಿಕ್ಟೋರಿಯಾ ರಾಣಿಯ ಹೆಸರಿಟ್ಟವನು. ನನ್ನ ಸೂತ್ರಕ್ಕೆ ಇನ್ನೊಂದು ಸಾಕ್ಷಿ. 1873ರಲ್ಲಿ ಅವನು ಚಿತಾಂಬೊ ಎಂಬವನ ಹಳ್ಳಿಯಲ್ಲಿ ಸತ್ತಾಗ ಜೊತೆಗಿದ್ದವರು ಚುಮಾ, ಸೂಸಿ ಮತ್ತಿತರರು. ಹೃದಯವನ್ನು ಅಲ್ಲೇ ಮರದ ಬುಡದಲ್ಲಿ ಹೂತು, ದೇಹವನ್ನು ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿ, ತೊಗಟೆಯಲ್ಲಿ ಸುತ್ತಿ, 1,500 ಕಿಲೋಮೀಟರಿಗೂ ಹೆಚ್ಚು ದೂರ ಹೊತ್ತು ಸಮುದ್ರದಂಡೆಗೆ ತಂದರು. ಒಂಬತ್ತು ತಿಂಗಳ ಹಾದಿ. ಈ ಹೊತ್ತವರಲ್ಲಿ ಹಲವರು ನಮ್ಮ ದೇಶ ಕಂಡವರು! ಲಿವಿಂಗ್‌ಸ್ಟನ್ 1864ರಲ್ಲಿ ಸಣ್ಣದೊಂದು ಹಡಗಿನಲ್ಲಿ ಬೊಂಬಾಯಿಗೆ ಬಂದಾಗ ಚುಮಾನನ್ನು ಅಲ್ಲಿನ ಮಿಷನ್ ಶಾಲೆಗೆ ಸೇರಿಸಿದ್ದ, ಸೂಸಿ ಹಡಗುಕಟ್ಟೆಯಲ್ಲಿ ದುಡಿದಿದ್ದ. ಮರದ ಮೇಲೆ ಲಿವಿಂಗ್‌ಸ್ಟನ್ ಹೆಸರು ಕೆತ್ತಿದ ಜೇಕಬ್ ವೇನ್‌ರೈಟ್, ಗುಲಾಮರ ಹಡಗಿನಿಂದ ಬಿಡುಗಡೆಯಾದ ಮಕ್ಕಳಿಗೆಂದು ನಾಸಿಕ್ ಹತ್ತಿರ ಇದ್ದ ಮಿಷನ್ ಶಾಲೆಯಲ್ಲಿ ಓದಿದವನು. ಲಂಡನ್ನಿನಲ್ಲಿ ದೊಡ್ಡ ಅಂತ್ಯಸಂಸ್ಕಾರ ನಡೆದಾಗ ಅವನೊಬ್ಬನಿಗೆ ಹೋಗಲು ಸಾಧ್ಯವಾಯಿತು. ಚುಮಾ, ಸೂಸಿಯನ್ನು ಕರೆಸಿಕೊಂಡದ್ದು ಎಲ್ಲ ಮುಗಿದ ಮೇಲೆ.

ಸೂಸಿ ಮುಂದೆ ಹೆನ್ರಿ ಸ್ಟಾನ್ಲಿ ಎಂಬ ಅನ್ವೇಷಕನ ಜೊತೆ ಕಾಂಗೋಗೆ ಹೋದ. ಅಲ್ಲಿ 1881ರಲ್ಲಿ ಸ್ಟಾನ್ಲಿ ನದೀತೀರದಲ್ಲಿ ಹಾಕಿದ ಠಾಣೆಗೆ ತನಗೆ ಸಂಬಳ ಕೊಡುತ್ತಿದ್ದ ಬೆಲ್ಜಿಯಂ ರಾಜನ ಹೆಸರಿಟ್ಟ, ಲಿಯೋಪೋಲ್ಡ್‌ವಿಲ್. ಇಡೀ ಕಾಂಗೋವನ್ನು ಸ್ವಂತ ಆಸ್ತಿ ಮಾಡಿಕೊಂಡು ರಬ್ಬರಿಗಾಗಿ ಜನರ ಕೈ ಕಡಿಸುವ ಮಟ್ಟಿಗೆ ಹೋದ ಆಡಳಿತ ಅವನದು. ಅವನೂ ಆ ನೆಲ ಮೆಟ್ಟಲಿಲ್ಲ. 1966ರಲ್ಲಿ ಆ ಹೆಸರನ್ನು ಕಿತ್ತುಹಾಕಿ, ಅಲ್ಲೇ ಇದ್ದ ಹಳೆಯ ಹಳ್ಳಿಯೊಂದರ ಹೆಸರನ್ನು ಊರಿಗೆ ಕೊಟ್ಟರು, ಕಿನ್ಶಾಸಾ.

ಕ್ಲಾಸಿಗೆ ಒಂದು ಸಣ್ಣ ಸಲಹೆ. ಗೋಡೆಯ ನಕ್ಷೆಯಲ್ಲಿ ಪ್ರತಿ ಹೆಸರಿಗೂ ಎರಡು ಚೀಟಿ ಅಂಟಿಸಲು ಹೇಳಿ. ಒಂದರಲ್ಲಿ ಹೆಸರಿನ ಒಡೆಯ, ಇನ್ನೊಂದರಲ್ಲಿ ಆಗ ಅಲ್ಲಿ ನಿಜವಾಗಿ ಇದ್ದವರು. ಎರಡನೇ ಚೀಟಿ ತುಂಬಿಸಲು ಮಕ್ಕಳು ಒದ್ದಾಡುತ್ತಾರೆ, ಒದ್ದಾಡಲಿ. ನಿಮ್ಮದೇ ಪಕ್ಕದ ರಾಬರ್ಟ್‌ಸನ್‌ಪೇಟೆಯಿಂದ ಶುರು ಮಾಡಬಹುದು, ಗಣಿಯಲ್ಲಿ ದುಡಿದವರ ಮೊಮ್ಮಕ್ಕಳು ನಿಮ್ಮ ಬೆಂಚುಗಳಲ್ಲೇ ಕೂತಿರಲಿಕ್ಕೂ ಸಾಕು.

ಇನ್ನು ಬೌರಿಂಗ್. ನಿಮ್ಮಲ್ಲಿ ಅಳಿಸಿಹೋದ ಆ ಹೆಸರು ಇನ್ನೊಂದು ಕಡೆ ಉಳಿದಿದೆ ಎಂದು ಆ ಹುಡುಗಿಗೆ ಹೇಳಿ. ಲೆವಿನ್ ಬೌರಿಂಗನ ಅಪ್ಪ ಜಾನ್ ಬೌರಿಂಗ್ 1854ರಿಂದ 1859ರವರೆಗೆ ಹಾಂಕಾಂಗಿನ ಗವರ್ನರ್. ಅವನ ಹೆಸರಿನ ಬೌರಿಂಗ್ಟನ್ ರಸ್ತೆಯಲ್ಲಿ ಈಗಲೂ ಒಂದು ಮಾರ್ಕೆಟ್ ಇದೆ, ಕೆಳಗೆ ಮೀನು ಮಾಂಸ ತರಕಾರಿ, ಮೇಲೆ ಬಿಸಿಬಿಸಿ ಊಟದ ಅಂಗಡಿಗಳು. ಅಲ್ಲಿನವರ ಚೀನೀ ಮಾತಿನಲ್ಲಿ ಮಾತ್ರ ಆ ಜಾಗದ ಹೆಸರು ಬೌರಿಂಗ್ ಅಲ್ಲ. ಹಿಂದೆ ಅಲ್ಲಿ ಹರಿಯುತ್ತಿದ್ದ ಕಾಲುವೆಯ ಬಳುಕು ನೋಡಿ ಅವರು ಅದನ್ನು 'ಹೆಬ್ಬಾತಿನ ಕತ್ತು' ಎನ್ನುತ್ತಾರೆ.